ಬೋಲ್ಟ್ ಇಲ್ಲದೆ ರೈಲು ಹಳಿಗಳನ್ನು ಹೇಗೆ ಜೋಡಿಸುತ್ತಾರೆ? ಬಿಸಿಲಿಗೆ ಅವು ಹಿಗ್ಗುವುದಿಲ್ಲವೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಬೆಂಗಳೂರು–ಮೈಸೂರು ರೈಲಿನಲ್ಲಿ ಮೊದಲಿನಂತೆ ಟಕ-ಟಕ ಸದ್ದು ಬರುವುದಿಲ್ಲ. ಹಳಿಗಳ ನಡುವೆ ಬೋಲ್ಟೂ ಕಾಣುವುದಿಲ್ಲ, ಸಂದೂ ಕಾಣುವುದಿಲ್ಲ. ಹಾಗಾದರೆ "ಹಳಿಗಳ ನಡುವೆ ಜಾಗ ಬಿಟ್ಟಿರುತ್ತಾರೆ, ಬೇಸಿಗೆಯಲ್ಲಿ ಕಬ್ಬಿಣ ಹಿಗ್ಗುತ್ತದೆ" ಅಂತ ಶಾಲೆಯಲ್ಲಿ ಓದಿದ್ದು ಏನಾಯಿತು?

ನಾನು ಹಳಿ ಕೆಲಸದ ಗುತ್ತಿಗೆ ಕಂಪನಿಯೊಂದರಲ್ಲಿ ಸೈಟ್ ಇಂಜಿನಿಯರ್. ಬೆಂಗಳೂರಿನ ಸುತ್ತಮುತ್ತಲೇ ಕೆಲಸ ಜಾಸ್ತಿ. ಒಂದೇ ಮಾತಿನ ಉತ್ತರ ಬೇಕಿದ್ದರೆ, ಬೆಸುಗೆ. ಆದರೆ ಇದರಲ್ಲಿ ಬೆಸುಗೆ ಹಾಕುವುದು ಸುಲಭದ ಭಾಗ. ಹಾಕಿದ ಮೇಲೆ ಹಳಿಯನ್ನು ಅಲ್ಲಾಡದಂತೆ ಹಿಡಿದಿಡುವುದಿದೆಯಲ್ಲ, ನಿಜವಾದ ಕೆಲಸ ಅದು.

ಮೊದಲು ಹಳೆಯ ಪದ್ಧತಿ. ನಮ್ಮಲ್ಲಿ ಹಳಿ ಬರುತ್ತಿದ್ದದ್ದು 13 ಮೀಟರ್ ತುಂಡುಗಳಲ್ಲಿ. ಎರಡು ತುಂಡುಗಳ ತುದಿ ಸೇರುವಲ್ಲಿ ಎರಡೂ ಬದಿಗೆ ಉಕ್ಕಿನ ಪಟ್ಟಿ, ಅಂದರೆ ಫಿಷ್‌ಪ್ಲೇಟ್ ಇಟ್ಟು ನಾಲ್ಕು ಬೋಲ್ಟ್ ಬಿಗಿಯುತ್ತಿದ್ದರು. ನಡುವೆ ಕೆಲವು ಮಿಲಿಮೀಟರ್ ಸಂದು. 13 ಮೀಟರ್ ಹಳಿ 30 ಡಿಗ್ರಿ ಬಿಸಿ ಏರಿದರೆ ಸುಮಾರು ನಾಲ್ಕೂವರೆ ಮಿಲಿಮೀಟರ್ ಹಿಗ್ಗುತ್ತದೆ, ಆ ಸಂದು ಅದಕ್ಕೆ. ನಿಮ್ಮ ಶಾಲೆಯ ಪುಸ್ತಕ ಹೇಳಿದ್ದು ಸುಳ್ಳಲ್ಲ, ಈ ಹಳಿಯ ಬಗ್ಗೆಯೇ ಹೇಳಿದ್ದು.

ಆದರೆ ಆ ಸಂದು ಅಂದರೆ ತಲೆನೋವು. ಪ್ರತಿ ಚಕ್ರವೂ ಅಲ್ಲಿ ಸ್ವಲ್ಪ ಇಳಿದು ಮುಂದಿನ ಹಳಿಯ ತುದಿಗೆ ಬಡಿಯುತ್ತದೆ. ತುದಿ ಜಜ್ಜಿಹೋಗುತ್ತದೆ, ಕೆಳಗಿನ ಜಲ್ಲಿ ಪುಡಿಯಾಗುತ್ತದೆ, ಹಳಿಯನ್ನು ಹೊತ್ತ ಅಡ್ಡದಿಮ್ಮಿ, ಅಂದರೆ ಸ್ಲೀಪರ್, ಕುಸಿಯುತ್ತದೆ. ಬೋಲ್ಟಿಗೆ ಕೊರೆದ ತೂತಿನ ಸುತ್ತ ಬಿರುಕು ಶುರುವಾಗುತ್ತದೆ, ಅದು ಹೊರಗಿನಿಂದ ಕಾಣುವುದೂ ಇಲ್ಲ. ಹಳಿ ಕಾಯುವ ಕೀಮ್ಯಾನ್ ದಿನಾ ನಡೆದು ಬೋಲ್ಟ್ ನೋಡಬೇಕು. ವರ್ಷಕ್ಕೊಮ್ಮೆ ಬೇಸಿಗೆಗೆ ಮುಂಚೆ ಫಿಷ್‌ಪ್ಲೇಟ್ ಬಿಚ್ಚಿ ಗ್ರೀಸ್ ಹಚ್ಚಬೇಕು, ಇಲ್ಲದಿದ್ದರೆ ಹಳಿ ಜಾರದೆ ಸಿಕ್ಕಿಕೊಳ್ಳುತ್ತದೆ. ಒಂದು ಕಿಲೋಮೀಟರ್ ದಾರಿಗೆ ಇಂಥ ಜೋಡಣೆ ನೂರೈವತ್ತಕ್ಕೂ ಹೆಚ್ಚು. ಆ ಟಕ-ಟಕ ಕೇಳಲು ಚೆಂದ, ಸರಿ. ಹಳಿ ನೋಡಿಕೊಳ್ಳುವವರನ್ನು ಕೇಳಿ, ಬೇರೆಯದೇ ಹೇಳುತ್ತಾರೆ.

ಈಗ ಭಿಲಾಯಿಯ ಉಕ್ಕಿನ ಕಾರ್ಖಾನೆಯಿಂದಲೇ 260 ಮೀಟರ್ ಉದ್ದದ ಹಳಿ ಬರುತ್ತದೆ. (ನಮ್ಮ ಯಲಹಂಕದಲ್ಲಿ ತಯಾರಾಗುವುದು ರೈಲಿನ ಚಕ್ರ ಮತ್ತು ಆಕ್ಸಲ್, ಹಳಿ ಅಲ್ಲ. ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ.) 260 ಮೀಟರ್ ಅಂದರೆ ಹಳೆಯ ಲೆಕ್ಕದಲ್ಲಿ 20 ತುಂಡು, 19 ಜೋಡಣೆ ಉಳಿಯಿತು. ಅಷ್ಟುದ್ದದ ಹಳಿಯನ್ನು ಹೇಗೆ ತರುತ್ತಾರೆ ಅಂತ ಕೇಳುತ್ತೀರಾ? ಸಾಲಾಗಿ ಜೋಡಿಸಿದ ಬಯಲು ವ್ಯಾಗನ್‌ಗಳ ಮೇಲೆ ಮಲಗಿಸಿ ತರುತ್ತಾರೆ. ತಿರುವು ಬಂದಾಗ ಹಳಿಯೂ ರೈಲಿನ ಜೊತೆ ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಮೀಟರಿಗೆ 60 ಕೆಜಿ ತೂಗುವ ಉಕ್ಕು ಹೀಗೆ ಬಾಗುವುದನ್ನು ಮೊದಲ ಸಲ ನೋಡಿದವರು ನಂಬುವುದಿಲ್ಲ.

ಈ ಉದ್ದದ ಹಳಿಗಳನ್ನು ದಾರಿಯ ಮೇಲೆ ಒಂದಕ್ಕೊಂದು ಸೇರಿಸಲು ಮುಖ್ಯವಾಗಿ ಎರಡು ವಿಧಾನ. ಹಳೆಯದು ಥರ್ಮಿಟ್ ಬೆಸುಗೆ, ನಾವು ಎಟಿ (ಅಲ್ಯೂಮಿನೋ-ಥರ್ಮಿಕ್) ವೆಲ್ಡಿಂಗ್ ಅನ್ನುತ್ತೇವೆ. ಜರ್ಮನಿಯ ಹಾನ್ಸ್ ಗೋಲ್ಡ್‌ಶ್ಮಿಟ್ ಇದನ್ನು 1890ರ ದಶಕದಲ್ಲಿ ಕಂಡುಹಿಡಿದರು. 1899ರಲ್ಲಿ ಎಸೆನ್ ಊರಿನ ಟ್ರಾಮ್ ಹಳಿಗೆ ಮೊದಲು ಬಳಸಿದರು. ಕಬ್ಬಿಣದ ತುಕ್ಕಿನ ಜಾತಿಯದೇ ಆದ ಆಕ್ಸೈಡು ಮತ್ತು ಅಲ್ಯೂಮಿನಿಯಂ ಪುಡಿ, ಮುಖ್ಯವಾಗಿ ಇಷ್ಟೇ. ಅಲ್ಯೂಮಿನಿಯಂಗೆ ಆಮ್ಲಜನಕದ ಮೇಲೆ ಕಬ್ಬಿಣಕ್ಕಿಂತ ಆಸೆ ಜಾಸ್ತಿ. ಕಬ್ಬಿಣದಿಂದ ಅದನ್ನು ಕಿತ್ತುಕೊಳ್ಳುತ್ತದೆ, ಆ ಜಗಳದಲ್ಲಿ 2,000 ಡಿಗ್ರಿಗೂ ಮೀರಿದ ಬಿಸಿ ಹುಟ್ಟುತ್ತದೆ. ಕರೆಂಟ್ ಬೇಡ, ಫರ್ನೇಸ್ ಬೇಡ. ಕಾಡಿನ ನಡುವೆಯೂ ಒಂದು ತಂಡ ಸಾಮಾನು ಹೊತ್ತು ಹೋಗಿ ಮಾಡಬಹುದು. ಇವತ್ತಿಗೂ ಇದು ಉಳಿದಿರುವುದು ಅದಕ್ಕೇ.

ಬಿಡದಿ ಕಡೆ ರಾತ್ರಿ ಬ್ಲಾಕ್ ಸಿಕ್ಕಾಗ, ಅಂದರೆ ಒಂದೆರಡು ಗಂಟೆ ರೈಲು ನಿಲ್ಲಿಸಿ ಹಳಿಯನ್ನು ನಮ್ಮ ಕೈಗೆ ಕೊಟ್ಟಾಗ, ಕೆಲಸ ಹೀಗೆ ನಡೆಯುತ್ತದೆ. ಎರಡು ಹಳಿಗಳ ತುದಿಯ ನಡುವೆ ಸರಿಯಾಗಿ 25 ಮಿಲಿಮೀಟರ್ ಸಂದು ಬಿಡುತ್ತೇವೆ. ಒಂದು ಮೀಟರ್ ಉದ್ದದ ನೇರಪಟ್ಟಿ ಇಟ್ಟು ಸಾಲು ನೋಡುತ್ತೇವೆ. ಮೇಲ್ಮೈಯನ್ನು ಮಾತ್ರ ಬೇಕೆಂದೇ ಒಂದೆರಡು ಮಿಲಿಮೀಟರ್ ಎತ್ತಿ ಇಡುತ್ತೇವೆ. ಹಳಿಯ ತಲೆ ದಪ್ಪ, ಅದು ನಿಧಾನವಾಗಿ ಆರಿ ಜಾಸ್ತಿ ಕುಗ್ಗುತ್ತದೆ. ಮೊದಲೇ ಎತ್ತದಿದ್ದರೆ ತಣ್ಣಗಾದ ಮೇಲೆ ಅಲ್ಲೊಂದು ಗುಳಿ ಬೀಳುತ್ತದೆ. ಆಮೇಲೆ ಎರಡೂ ಬದಿಗೆ ಮರಳಿನ ಅಚ್ಚು ಕಚ್ಚಿಸಿ, ಸಂದುಗೊಂದುಗಳಿಗೆ ಒದ್ದೆ ಮರಳು ಮೆತ್ತುತ್ತಾರೆ. ಮೇಲಿನಿಂದ ಬರ್ನರ್ ಇಟ್ಟು ಹಳಿಯ ತುದಿಗಳನ್ನು ಸುಮಾರು 600 ಡಿಗ್ರಿವರೆಗೆ ಕಾಯಿಸುತ್ತಾರೆ. ತಣ್ಣನೆ ಉಕ್ಕಿನ ಮೇಲೆ ಕಾದ ಉಕ್ಕು ಸುರಿದರೆ ಅಂಟುವುದಿಲ್ಲ.

ಅಚ್ಚಿನ ಮೇಲೆ ಕ್ರೂಸಿಬಲ್, ಅಂದರೆ ಬಿಸಿ ತಡೆಯುವ ಕುಡಿಕೆ, ಅದರೊಳಗೆ ಪೋರ್ಷನ್. ಪುಡಿಯ ಪೊಟ್ಟಣಕ್ಕೆ ಪೋರ್ಷನ್ ಅನ್ನುತ್ತಾರೆ. ಆಯಾ ಹಳಿಯ ಅಳತೆಗೆ, ಆಯಾ ಉಕ್ಕಿನ ಗುಣಕ್ಕೆ ತಕ್ಕಂತೆ ಬೇರೆ ಬೇರೆ ಪೊಟ್ಟಣ. ಪೊಟ್ಟಣಕ್ಕೆ ಚೂರು ತೇವ ತಾಗಿದ್ದರೂ ಪಕ್ಕಕ್ಕಿಡಬೇಕು, ಸುಮ್ನೆ ಅಪಾಯ. ಬೆಂಗಳೂರಿನ ಸಂಜೆ ಮಳೆ ಗೊತ್ತಲ್ವಾ, ಹೇಳದೆ ಕೇಳದೆ ಬರುತ್ತದೆ. ಟಾರ್ಪಾಲ್ ಇಲ್ಲದೆ ಯಾರೂ ಹೊರಡುವುದಿಲ್ಲ. ಕಡ್ಡಿ ಗೀರಿದರೆ ಈ ಪುಡಿ ಹೊತ್ತಿಕೊಳ್ಳುವುದಿಲ್ಲ. ಸುರುಸುರು ಬತ್ತಿಯಂಥ ಒಂದು ಇಗ್ನೈಟರ್ ಚುಚ್ಚಬೇಕು. ಹೊತ್ತಿಕೊಂಡರೆ ಮಾತ್ರ ಅರ್ಧ ನಿಮಿಷದೊಳಗೆ ಎಲ್ಲ ಮುಗಿಯಿತು. ಕುದಿಯುವ ಸದ್ದು, ಬಿಳಿ ಬೆಳಕು, ಕಪ್ಪು ಕನ್ನಡಕವಿಲ್ಲದೆ ನೋಡಲಾಗುವುದಿಲ್ಲ. ಅಲ್ಯೂಮಿನಿಯಂ ಆಕ್ಸೈಡಿನ ಕಿಟ್ಟ ಹಗುರ, ಹಾಲಿನ ಕೆನೆಯ ಹಾಗೆ ಮೇಲೆ ನಿಲ್ಲುತ್ತದೆ. ಕೆಳಗಿನ ಉಕ್ಕು ತೂತಿನಿಂದ ಅಚ್ಚಿಗೆ ಇಳಿದು, ಕಾದ ತುದಿಗಳನ್ನೂ ಸ್ವಲ್ಪ ಕರಗಿಸಿಕೊಂಡು, ಸಂದು ತುಂಬುತ್ತದೆ. ಕಿಟ್ಟ ಪಕ್ಕದ ತಟ್ಟೆಗೆ ಚೆಲ್ಲುತ್ತದೆ.

ಕೆಲವು ನಿಮಿಷ ಕಾದು ಅಚ್ಚು ಒಡೆಯುತ್ತಾರೆ. ಇನ್ನೂ ಕೆಂಪಗಿರುವಾಗಲೇ ತಲೆಯ ಮೇಲಿನ ಹೆಚ್ಚುವರಿ ಉಕ್ಕನ್ನು ಹೈಡ್ರಾಲಿಕ್ ಟ್ರಿಮ್ಮರ್ ಕತ್ತರಿಸುತ್ತದೆ. ಉಳಿದದ್ದನ್ನು ಗ್ರೈಂಡರ್‌ನಿಂದ ಉಜ್ಜಿ ನುಣುಪು ಮಾಡುತ್ತಾರೆ. ಉಕ್ಕು ಸುರಿದು ಅರ್ಧ ಗಂಟೆಯಾಗುವವರೆಗೆ ರೈಲು ಬಿಡುವ ಹಾಗಿಲ್ಲ. ಪ್ರತಿ ಬೆಸುಗೆಗೂ ಗುರುತು ಹಾಕುತ್ತಾರೆ: ಯಾವ ತಿಂಗಳು, ಯಾವ ವರ್ಷ, ಯಾವ ಏಜೆನ್ಸಿ, ಯಾವ ವೆಲ್ಡರ್. ಹಾಗಾಗಿ ನಮ್ಮ ವೆಲ್ಡರ್‌ಗಳಿಗೆ ತಮ್ಮ ಕೋಡ್ ಎಂದರೆ ಸಹಿ ಇದ್ದಂತೆ, ಬಹಳ ಎಚ್ಚರ. ಆಮೇಲೆ ಅಲ್ಟ್ರಾಸೋನಿಕ್ ಯಂತ್ರ ಹಿಡಿದು ಒಳಗೆ ಗಾಳಿಗುಳ್ಳೆ, ಬಿರುಕು ಇದೆಯಾ ನೋಡುತ್ತಾರೆ.

ಎರಡನೆಯದು ಫ್ಲ್ಯಾಶ್ ಬಟ್ ವೆಲ್ಡಿಂಗ್. ಇದರಲ್ಲಿ ಹೊರಗಿನಿಂದ ಏನೂ ಸುರಿಯುವುದಿಲ್ಲ. ಎರಡು ಹಳಿಗಳ ತುದಿಯನ್ನು ಯಂತ್ರ ಕಚ್ಚಿ ಹಿಡಿದು, ಹತ್ತಿರ ತಂದು, ಭಾರೀ ಕರೆಂಟ್ ಹಾಯಿಸುತ್ತದೆ. ತುದಿಗಳು ಕಿಡಿ ಕಾರುತ್ತಾ ಮೆತ್ತಗಾದಾಗ ಟನ್‌ಗಟ್ಟಲೆ ಬಲದಿಂದ ಒತ್ತಿಬಿಡುತ್ತದೆ. ಕೆಲವೇ ನಿಮಿಷದ ಕೆಲಸ. ಎಟಿ ಬೆಸುಗೆಯಲ್ಲಿರುವುದು ಎರಕದ ಉಕ್ಕು, ಇಲ್ಲಿರುವುದು ಒತ್ತಿ ಬೆಸೆದ ಅದೇ ಹಳಿಯ ಉಕ್ಕು. ಅದಕ್ಕೇ ಇದು ಗಟ್ಟಿ. ನನ್ನ ಮತ ಕೇಳಿದರೆ, ಯಂತ್ರ ಹೋಗುವ ಜಾಗದಲ್ಲೆಲ್ಲ ಫ್ಲ್ಯಾಶ್ ಬಟ್ ಮಾಡಬೇಕು, ಎಟಿ ಉಳಿದ ಕಡೆಗೆ ಸಾಕು. ಈಗ ಕೆಲಸ ಸಾಗುತ್ತಿರುವ ದಿಕ್ಕೂ ಅದೇ. ಗ್ಯಾಸಿನಿಂದ ಕಾಯಿಸಿ ಒತ್ತುವ ಇನ್ನೊಂದು ವಿಧಾನವೂ ಇದೆ, ಜಪಾನಿನಲ್ಲಿ ಬಳಕೆ ಜಾಸ್ತಿ.

ಇನ್ನು ನಿಮ್ಮ ಅಸಲಿ ಪ್ರಶ್ನೆ. ಒಂದು ಕಿಲೋಮೀಟರ್ ಹಳಿ 30 ಡಿಗ್ರಿ ಬಿಸಿಯಾದರೆ ಸುಮಾರು 34 ಸೆಂಟಿಮೀಟರ್ ಹಿಗ್ಗಬೇಕು. ಅದು ಎಲ್ಲಿಗೆ ಹೋಗುತ್ತದೆ?

ಎಲ್ಲಿಗೂ ಹೋಗುವುದಿಲ್ಲ. ಹಿಗ್ಗಲು ಬಿಡುವುದೇ ಇಲ್ಲ.

ಹಿಗ್ಗಲು ಬಿಡದಿದ್ದರೆ ಅದು ಹಳಿಯ ಒಳಗೆ ಒತ್ತಡವಾಗಿ ಕೂರುತ್ತದೆ. 60 ಕೆಜಿ ಹಳಿಗೆ ಒಂದು ಡಿಗ್ರಿಗೆ ಸುಮಾರು 1.9 ಟನ್. 30 ಡಿಗ್ರಿಗೆ 57 ಟನ್ ಹತ್ತಿರ. ಇಲ್ಲೊಂದು ಸ್ವಾರಸ್ಯ ಇದೆ, ಗಮನಿಸಿ. ಈ ಒತ್ತಡಕ್ಕೂ ಹಳಿಯ ಉದ್ದಕ್ಕೂ ಸಂಬಂಧವೇ ಇಲ್ಲ. ಹಳಿ ಎಷ್ಟು ದಪ್ಪ, ಎಷ್ಟು ಡಿಗ್ರಿ ವ್ಯತ್ಯಾಸ ಅನ್ನುವುದಷ್ಟೇ ಲೆಕ್ಕ. ಬಿಗಿಯಾಗಿ ಹಿಡಿದಿದ್ದರೆ ಒಂದು ಕಿಲೋಮೀಟರ್ ಹಳಿಯಾದರೂ ಅಷ್ಟೇ, ಹತ್ತು ಕಿಲೋಮೀಟರ್ ಹಳಿಯಾದರೂ ಅಷ್ಟೇ. ಉದ್ದ ಬೆಳೆದಂತೆ ಅಪಾಯ ಬೆಳೆಯುತ್ತದೆ ಅಂತ ನಮಗೆ ಅನ್ನಿಸುವುದು ಸಹಜ, ಆದರೆ ಹಾಗಲ್ಲ. ಇದು ಗೊತ್ತಾದ ಮೇಲೆಯೇ ಕಿಲೋಮೀಟರ್‌ಗಟ್ಟಲೆ ಬೆಸೆಯುವ ಧೈರ್ಯ ಬಂದಿದ್ದು.

ಹಿಡಿಯುವುದು ಯಾರು? ಮೊದಲು ಕ್ಲಿಪ್. ಕಾಂಕ್ರೀಟ್ ಸ್ಲೀಪರ್ ಮೇಲೆ ಹಳಿಯ ಪಾದವನ್ನು ಒತ್ತಿ ಹಿಡಿದ, ತಿರುಚಿದ ದಪ್ಪ ಕಂಬಿ ನೋಡಿರುತ್ತೀರಿ. ಅದರ ಪೂರ್ವಜ ಪ್ಯಾಂಡ್ರೋಲ್ ಕ್ಲಿಪ್, ನಾರ್ವೆಯ ಪೆರ್ ಪಾಂಡೆ-ರೋಲ್ಫ್‌ಸೆನ್ ಅವರ ಹೆಸರಿನಿಂದ ಬಂದಿದ್ದು. ಒಂದೊಂದು ಕ್ಲಿಪ್ಪೂ ಸುಮಾರು ಒಂದು ಟನ್ ಬಲದಿಂದ ಒತ್ತುತ್ತದೆ. ಇಲ್ಲೂ ಬೋಲ್ಟ್ ಇಲ್ಲ ನೋಡಿ. ಕ್ಲಿಪ್ ಹಳಿಯನ್ನು ಸ್ಲೀಪರಿಗೆ ಕಟ್ಟುತ್ತದೆ. ಕಾಲು ಟನ್‌ಗಿಂತ ಭಾರದ ಆ ಸ್ಲೀಪರನ್ನು ಜಲ್ಲಿ ಹಿಡಿಯುತ್ತದೆ. ಸ್ಲೀಪರ್ ತುದಿಯಾಚೆ ರಾಶಿ ಹಾಕಿದ ಜಲ್ಲಿ ಅಂದಕ್ಕಲ್ಲ. ಹಳಿ ಪಕ್ಕಕ್ಕೆ ಉಬ್ಬದಂತೆ ತಡೆಯುವುದೇ ಅದು. ಅದಕ್ಕೇ ಬಿಸಿಲು ಏರಿದಾಗ ಜಲ್ಲಿ ಕೆದಕುವ ಕೆಲಸಕ್ಕೆ ನಿಷೇಧ ಇದೆ. ಹಾದಿಬದಿಯ ಮನೆ ಕೆಲಸಕ್ಕೆ ಅಂತ ಯಾರಾದರೂ ಒಂದು ಬುಟ್ಟಿ ಜಲ್ಲಿ ಎತ್ತಿಕೊಂಡು ಹೋದರೆ ನಮಗೆ ಎದೆ ಧಸಕ್ ಅನ್ನುತ್ತದೆ.

ಇನ್ನೊಂದು ಉಪಾಯ ಇದೆ. ಯಾವ ತಾಪಮಾನದಲ್ಲಿ ಹಳಿಯನ್ನು ಬಿಗಿಯುತ್ತೇವೋ ಆಗ ಅದರೊಳಗೆ ಒತ್ತಡ ಸೊನ್ನೆ. ಹಾಗಾಗಿ ಆ ತಾಪಮಾನವನ್ನು ನಾವೇ ಆರಿಸುತ್ತೇವೆ. ಆ ಜಾಗದ ಹಳಿಯ ಸರಾಸರಿ ತಾಪಮಾನಕ್ಕಿಂತ 5ರಿಂದ 10 ಡಿಗ್ರಿ ಜಾಸ್ತಿ. ಗಾಳಿಯ ತಾಪಮಾನ ಅಲ್ಲ, ಹಳಿಯದ್ದು. ಏಪ್ರಿಲ್ ಬಿಸಿಲಲ್ಲಿ ನೆರಳಿನ ಗಾಳಿಗಿಂತ ಹಳಿ ಹದಿನೈದು-ಇಪ್ಪತ್ತು ಡಿಗ್ರಿ ಹೆಚ್ಚೇ ಕಾದಿರುತ್ತದೆ. ಲೆಕ್ಕಕ್ಕೆ ಹೇಳುವುದಾದರೆ, ಹಳಿ ವರ್ಷದಲ್ಲಿ 12ರಿಂದ 60 ಡಿಗ್ರಿವರೆಗೆ ಓಡಾಡಿದರೆ ಸರಾಸರಿ 36. ನಾವು 41ರಿಂದ 46ರ ನಡುವೆ ಬಿಗಿಯುತ್ತೇವೆ. 43ರಲ್ಲಿ ಬಿಗಿದರೆ ಬೇಸಿಗೆ ಮಧ್ಯಾಹ್ನ ಏರುವುದು ಹದಿನೇಳು ಡಿಗ್ರಿಯಷ್ಟೇ, ಚಳಿಗಾಲದ ಮುಂಜಾನೆ ಇಳಿಯುವುದು ಮೂವತ್ತೊಂದು. ಅಂದರೆ ಹಿಗ್ಗಿ ಉಬ್ಬುವುದಕ್ಕಿಂತ ಕುಗ್ಗಿ ಎಳೆಯುವುದು ವಾಸಿ ಅಂತ ಒಪ್ಪಿಕೊಂಡ ಹಾಗೆ. ಎಳೆತಕ್ಕೆ ಉಕ್ಕು ಚೆನ್ನಾಗಿ ತಡೆಯುತ್ತದೆ. ಆದರೆ ಹಳಿ ಉಬ್ಬಿ ಪಕ್ಕಕ್ಕೆ ಡೊಂಕಾದರೆ ರೈಲು ಉರುಳುತ್ತದೆ.

ಹಳಿ ಬೇಕಾದಷ್ಟು ಬಿಸಿ ಇಲ್ಲದ ದಿನ ಏನು ಮಾಡುತ್ತೀರಿ ಅಂತ ಕೇಳಬಹುದು. ಕ್ಲಿಪ್ ಎಲ್ಲ ಬಿಚ್ಚಿ, ಹಳಿಯನ್ನು ರೋಲರ್ ಮೇಲೆ ಎತ್ತಿ, ಮರದ ಸುತ್ತಿಗೆಯಿಂದ ಬಡಿಯುತ್ತಾ ಹೋಗುತ್ತೇವೆ. ಒಳಗೆ ಸಿಕ್ಕಿಕೊಂಡ ಒತ್ತಡ ಬಿಡುತ್ತದೆ. ಆಮೇಲೆ ಹೈಡ್ರಾಲಿಕ್ ಟೆನ್ಸರ್ ಹಾಕಿ, ಬಿಸಿಯಾಗಿದ್ದರೆ ಎಷ್ಟು ಉದ್ದವಾಗುತ್ತಿತ್ತೋ ಅಷ್ಟು ಎಳೆದು, ಬೆಸೆದು, ಕ್ಲಿಪ್ ಬಡಿಯುತ್ತೇವೆ. ಇದಕ್ಕೆ ಡಿಸ್ಟ್ರೆಸ್ಸಿಂಗ್ ಅನ್ನುತ್ತಾರೆ. ಇದು ಸರಿಯಾಗಿದ್ದರೆ ಆ ಹಳಿಯ ಬಗ್ಗೆ ಅರ್ಧ ಚಿಂತೆ ಕಳೆಯಿತು. ಆಮೇಲೂ ಕಣ್ಣಿಡುವುದು ನಿಲ್ಲುವುದಿಲ್ಲ. ಹಳಿ ಮಿತಿ ಮೀರಿ ಕಾದ ಮಧ್ಯಾಹ್ನ ಬಿಸಿಲು ಗಸ್ತು, ಚಳಿಗಾಲದ ರಾತ್ರಿ ಚಳಿ ಗಸ್ತು. ಬೆಸುಗೆ ಬಿಡುವುದು ಹೆಚ್ಚಾಗಿ ಚಳಿಯಲ್ಲೇ, ಅದರಲ್ಲೂ ಎಟಿ ಬೆಸುಗೆ.

ಹಾಗಂತ ಹಿಗ್ಗಲು ಜಾಗವೇ ಇಲ್ಲ ಅಂತಲ್ಲ. ಉದ್ದ ಬೆಸುಗೆ ಹಳಿಯ ಎರಡೂ ತುದಿಯಲ್ಲಿ ಸುಮಾರು ನೂರು ಮೀಟರ್ ಭಾಗ ಸ್ವಲ್ಪ ಸ್ವಲ್ಪ ಸರಿಯುತ್ತದೆ. ಅಲ್ಲಿ ಎಸ್‌ಇಜೆ (ಸ್ವಿಚ್ ಎಕ್ಸ್‌ಪ್ಯಾನ್ಷನ್ ಜಾಯಿಂಟ್) ಇಡುತ್ತಾರೆ. ಓರೆಯಾಗಿ ಕತ್ತರಿಸಿದ ಒಂದು ಹಳಿ ಇನ್ನೊಂದರ ಪಕ್ಕಕ್ಕೆ ಜಾರುವ ಜೋಡಣೆ ಅದು. ಓರೆಯಾಗಿರುವುದರಿಂದ ಚಕ್ರ ಗುಳಿಗೆ ಬೀಳುವುದಿಲ್ಲ. ನಡುವಿನ ಕಿಲೋಮೀಟರ್‌ಗಟ್ಟಲೆ ಹಳಿ ಮಾತ್ರ ಕದಲುವುದಿಲ್ಲ.

ಬೋಲ್ಟ್ ಪೂರ್ತಿ ಹೋಗಿದೆಯಾ ಅಂದರೆ ಇಲ್ಲ. ರೈಲು ಎಲ್ಲಿದೆ ಅಂತ ತಿಳಿಯಲು ಹಳಿಯಲ್ಲೇ ಸಣ್ಣ ಕರೆಂಟ್ ಹರಿಸುವ ಕಡೆ, ನಡುನಡುವೆ ಹಳಿಯನ್ನು ವಿದ್ಯುತ್ತಿನ ಲೆಕ್ಕದಲ್ಲಿ ತುಂಡರಿಸಬೇಕು. ಅಲ್ಲಿ ಅಂಟು ಹಾಕಿ, ನಡುವೆ ಇನ್ಸುಲೇಶನ್ ಇಟ್ಟು, ಬೋಲ್ಟೇ ಬಿಗಿಯುತ್ತಾರೆ. ರೈಲು ದಾರಿ ಬದಲಿಸುವ ಪಾಯಿಂಟ್‌ಗಳಲ್ಲಿ, ಯಾರ್ಡ್‌ಗಳಲ್ಲಿ ಫಿಷ್‌ಪ್ಲೇಟ್ ಇನ್ನೂ ಸಿಗುತ್ತದೆ. ಕೆಎಸ್‌ಆರ್ ನಿಲ್ದಾಣಕ್ಕೆ ರೈಲು ನಿಧಾನವಾಗಿ ಬರುವಾಗ ಕೇಳುವ ಸದ್ದೆಲ್ಲ ಇಂಥವುಗಳದ್ದು.

ನಮ್ಮ ಮೆಟ್ರೋ ಬಗ್ಗೆಯೂ ಯಾರಾದರೂ ಕೇಳುತ್ತಾರೆ, ಮೊದಲೇ ಹೇಳಿಬಿಡುತ್ತೇನೆ. 2011ರಲ್ಲಿ ಬೈಯಪ್ಪನಹಳ್ಳಿ–ಎಂಜಿ ರಸ್ತೆ ನಡುವೆ ಶುರುವಾದಾಗಿನಿಂದಲೂ ಅಲ್ಲಿ ಬೆಸುಗೆ ಹಳಿಯೇ. ಎತ್ತರದ ದಾರಿಯಲ್ಲಿ ಜಲ್ಲಿ ಇಲ್ಲ, ಹಳಿಯನ್ನು ನೇರ ಕಾಂಕ್ರೀಟಿಗೇ ಕಚ್ಚಿಸಿರುತ್ತಾರೆ. ಹಾಗಾಗಿ ಪಕ್ಕಕ್ಕೆ ಉಬ್ಬುವ ಭಯ ಕಡಿಮೆ. ಆದರೆ ಅಲ್ಲಿ ಕೆಳಗಿನ ಸೇತುವೆಯೇ ಬಿಸಿಲಿಗೆ ಹಿಗ್ಗಿ ಕುಗ್ಗಿ ಹಳಿಯನ್ನು ಎಳೆಯುತ್ತದೆ, ಆ ಲೆಕ್ಕ ಬೇರೆ ಹಾಕಬೇಕು. ರೈಲಿಗೆ 750 ವೋಲ್ಟ್ ಕರೆಂಟ್ ಕೊಡುವ ಪಕ್ಕದ ಮೂರನೇ ಹಳಿಯನ್ನು ಮಾತ್ರ ಹೀಗೆ ಬಿಗಿಹಿಡಿಯುವುದಿಲ್ಲ. ಅದರ ಮೇಲೆ ಚಕ್ರ ಓಡುವುದಿಲ್ಲವಲ್ಲ. ಅಲ್ಲಲ್ಲಿ ಜಾರುವ ಜೋಡಣೆ ಇಟ್ಟು ಹಿಗ್ಗಲು ಬಿಟ್ಟಿರುತ್ತಾರೆ.