ಓದುಗರ ಪ್ರಶ್ನೆ: ಕರೆಂಟಿನ ವ್ಯವಹಾರ ಓದಲು ಇಂಜಿನಿಯರೇ ಆಗಬೇಕೆ?

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ಕಾಮರ್ಸ್ ವಿದ್ಯಾರ್ಥಿನಿ. ಸಂಖ್ಯಾಶಾಸ್ತ್ರ ನನ್ನ ಐಚ್ಛಿಕ ವಿಷಯ. ನಮ್ಮ ಮನೆಯ ಜಮೀನು ತಿರುಮಣಿಯ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿದೆ. ಅಲ್ಲಿ ತಯಾರಾಗುವ ಕರೆಂಟನ್ನು ಯಾರು, ಯಾರಿಗೆ, ಎಷ್ಟಕ್ಕೆ ಮಾರುತ್ತಾರೆ ಎಂದು ತಿಳಿಯುವ ಆಸೆ ನನಗೆ. ಇಂಧನ ಉದ್ಯಮಕ್ಕೆಂದೇ ಬಿಬಿಎ ಕೋರ್ಸುಗಳಿವೆ ಎಂದು ನಮ್ಮ ಉಪನ್ಯಾಸಕರು ಹೇಳಿದರು. ಮನೆಯಲ್ಲಿ ಮಾತ್ರ ‘ಕರೆಂಟಿನ ವಿಷಯವೆಲ್ಲ ಇಂಜಿನಿಯರುಗಳಿಗೆ, ನೀನು ಸುಮ್ಮನೆ ಬಿ.ಕಾಂ. ಮಾಡು’ ಎನ್ನುತ್ತಾರೆ. ಯಾವ ದಾರಿ ಹಿಡಿಯಲಿ?
— ವಿದ್ಯಾರ್ಥಿನಿ, ಪಾವಗಡ ತಾಲ್ಲೂಕು

ಉತ್ತರ: ನಿಮ್ಮ ಮನೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕರೆಂಟನ್ನು ಉತ್ಪಾದಿಸುವುದು ಮತ್ತು ತಂತಿಯ ಮೇಲೆ ಸಾಗಿಸುವುದು ಇಂಜಿನಿಯರುಗಳ ಕೆಲಸ. ಆದರೆ ಅದಕ್ಕೆ ದರ ಕಟ್ಟುವುದು, ಒಪ್ಪಂದ ಬರೆಯುವುದು, ಬ್ಯಾಂಕಿನಿಂದ ಸಾಲ ಎತ್ತುವುದು, ದರಕ್ಕೆ ಒಪ್ಪಿಗೆ ಕೊಡುವ ನಿಯಂತ್ರಣ ಆಯೋಗದ ಮುಂದೆ ಲೆಕ್ಕ ಒಪ್ಪಿಸುವುದು ಅರ್ಥಶಾಸ್ತ್ರ, ಲೆಕ್ಕಶಾಸ್ತ್ರ ಮತ್ತು ಕಾನೂನು ಬಲ್ಲವರ ಕೆಲಸ. ನಮ್ಮ ನಾಡಿನಲ್ಲಿ ಈ ಎರಡೂ ಮೊದಲಿನಿಂದ ಜೊತೆಯಾಗಿಯೇ ಸಾಗಿವೆ. ಶಿವನಸಮುದ್ರದಲ್ಲಿ 1902ರಲ್ಲಿ ತಯಾರಾದ ವಿದ್ಯುತ್ತು ಮೊದಲು ಹೋದದ್ದು ಹತ್ತಿರದ ಊರುಗಳಿಗಲ್ಲ, ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಹಗಲೂ ರಾತ್ರಿ ಹಣ ಕೊಟ್ಟು ಕೊಳ್ಳುವ ಗಿರಾಕಿ ಇದ್ದದ್ದು ಅಲ್ಲಿ. ಬೆಂಗಳೂರಿನ ಬೀದಿ ದೀಪಗಳಿಗೆ ಅದು ಬಂದದ್ದು 1905ರಲ್ಲಿ. ಕೊಳ್ಳುವವರನ್ನು ಗೊತ್ತುಮಾಡಿಕೊಂಡು ಸ್ಥಾವರ ಕಟ್ಟುವ ಆ ಕ್ರಮ ನಿಮ್ಮ ತಾಲ್ಲೂಕಿನ ಪಾರ್ಕಿನವರೆಗೂ ನಡೆದುಬಂದಿದೆ.

ನೀವು ಓದಬೇಕೆಂದಿರುವ ವಿಷಯದ ಮೊದಲ ಪಾಠ ನಿಮ್ಮ ಮನೆಯ ಗುತ್ತಿಗೆ ಪತ್ರದಲ್ಲಿಯೇ ಇದೆ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಈ ಪಾರ್ಕಿಗೆ ಜಮೀನನ್ನು ಕ್ರಯಕ್ಕೆ ಕೊಳ್ಳದೆ, ರೈತರಿಂದ 28 ವರ್ಷಗಳ ಗುತ್ತಿಗೆಗೆ ಪಡೆಯಲಾಯಿತು. ಆರಂಭದ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಹದಿನೈದನೆಯ ವರ್ಷದ ಹೊತ್ತಿಗೆ ಏಳು ಬಾರಿ ಏರಿಕೆಯಾಗಿ ಆ ಮೊತ್ತ ಸುಮಾರು 29,500 ರೂಪಾಯಿಗೆ ಬಂದು ನಿಲ್ಲುತ್ತದೆ. ಅದೇ ಅವಧಿಯಲ್ಲಿ ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರುತ್ತ ಹೋದವು ಎಂದಿಟ್ಟುಕೊಳ್ಳಿ. ಮೊದಲ ವರ್ಷ 21,000 ರೂಪಾಯಿಗೆ ಬರುತ್ತಿದ್ದ ದಿನಸಿ, ಬಟ್ಟೆಬರೆಗೆ ಆಗ ಸುಮಾರು 41,500 ರೂಪಾಯಿ ಬೇಕಾಗುತ್ತದೆ. ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಬಿತ್ತಿದ ಖರ್ಚೂ ಹುಟ್ಟದ ಸೀಮೆಯಲ್ಲಿ ಈ ನಿಶ್ಚಿತ ಆದಾಯ ಸಣ್ಣದೇನಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಇಂಥ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಈ ಲೆಕ್ಕವನ್ನು ಊರಿನವರ ಮುಂದೆ ಬಿಡಿಸಿಟ್ಟು ಹೇಳುವವರು ಇರಬೇಕು, ಜೊತೆಗೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದ ಕುಟುಂಬಗಳಿಗೆ ಗುತ್ತಿಗೆ ಹಣದಲ್ಲಿ ಪಾಲಿಲ್ಲ ಎಂಬುದನ್ನು ಎತ್ತಿ ಕೇಳುವವರೂ ಇರಬೇಕು. ಗದಗ, ಕೊಪ್ಪಳ, ಚಿತ್ರದುರ್ಗದ ಕಡೆ ಗಾಳಿ ಮತ್ತು ಸೌರ ಸ್ಥಾವರಗಳಿಗೆ ಜಮೀನು ಕೇಳುವ ಕೆಲಸ ಇನ್ನೂ ನಡೆದೇ ಇದೆ. ಸಂಖ್ಯಾಶಾಸ್ತ್ರ ಬಲ್ಲ, ರೈತರ ಮನೆಯಿಂದ ಬಂದ ಹುಡುಗಿಯೊಬ್ಬಳು ಈ ಕ್ಷೇತ್ರಕ್ಕೆ ಬರಲಿ ಎಂದು ನಾನು ಮನಸಾರೆ ಬಯಸುವುದು ಈ ಕಾರಣಕ್ಕೆ.

ಇನ್ನು ಯಾರು ಯಾರಿಗೆ ಮಾರುತ್ತಾರೆ ಎಂಬ ಪ್ರಶ್ನೆ. ಹರಾಜಿನಲ್ಲಿ ಕಡಿಮೆ ದರ ನಮೂದಿಸಿದ ಕಂಪನಿಗಳು ಪಾರ್ಕಿನಲ್ಲಿ ಫಲಕ ಹಾಕಿ, ವಿದ್ಯುತ್ತನ್ನು ಸುಮಾರು 25 ವರ್ಷಗಳ ಖರೀದಿ ಒಪ್ಪಂದದ ಮೇಲೆ ಮಾರುತ್ತವೆ. ಅದು ಕೊನೆಗೆ ಬರುವುದು ಬೆಸ್ಕಾಂನಂಥ ವಿತರಣಾ ಕಂಪನಿಗಳ ಕೈಗೆ. ಇಂಥ ಒಪ್ಪಂದದಲ್ಲಿ ದರ ಮೊದಲೇ ನಿಗದಿಯಾಗಿರುತ್ತದೆ. ಇದರ ಹೊರಗೆ 2008ರಿಂದ ವಿದ್ಯುತ್ ವಿನಿಮಯ ಕೇಂದ್ರಗಳೂ ನಡೆಯುತ್ತಿವೆ. ಅಲ್ಲಿ ನಾಳಿನ ದಿನವನ್ನು 15 ನಿಮಿಷಗಳ 96 ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗಕ್ಕೂ ಮಾರುವವರ ಮತ್ತು ಕೊಳ್ಳುವವರ ದರಗಳನ್ನು ಹೊಂದಿಸಿ ಒಂದು ಬೆಲೆ ಕಟ್ಟುತ್ತಾರೆ. ಬಿಸಿಲು ಚೆನ್ನಾಗಿರುವ ನಡುಹಗಲಲ್ಲಿ ಕುಸಿಯುವ ಬೆಲೆ, ಸೂರ್ಯ ಮುಳುಗಿ ಮನೆಮನೆಗಳ ದೀಪ, ಫ್ಯಾನು, ಟಿವಿ ಒಟ್ಟಿಗೆ ಹೊತ್ತಿಕೊಳ್ಳುವ ಸಂಜೆಯಲ್ಲಿ ಏರುತ್ತದೆ. ಬೇಡಿಕೆ ಬಿಗಿಯಾದ ದಿನಗಳಲ್ಲಿ ಅದು ಕೇಂದ್ರದ ನಿಯಂತ್ರಣ ಆಯೋಗ 2023ರಲ್ಲಿ ಯುನಿಟ್ಟಿಗೆ 10 ರೂಪಾಯಿ ಎಂದು ಇಳಿಸಿದ ಗರಿಷ್ಠ ಮಿತಿಯನ್ನೇ ಮುಟ್ಟಿದ್ದುಂಟು. ನಡುಹಗಲಿನ ಅಗ್ಗದ ಕರೆಂಟನ್ನು ಸಂಜೆಗೆ ಕಾದಿಡುವ ಬ್ಯಾಟರಿ ಯೋಜನೆಗಳಿಗೂ, ಕಾಡಿನ ಪ್ರಶ್ನೆಯಿಂದ ವಿವಾದಕ್ಕೆ ಸಿಲುಕಿರುವ ಶರಾವತಿಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ (ಅಗ್ಗದ ಹೊತ್ತಿನಲ್ಲಿ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಕೆಳಗೆ ಹರಿಸಿ ವಿದ್ಯುತ್ ಪಡೆಯುವ) ಪ್ರಸ್ತಾವಕ್ಕೂ ಹಿಂದೆ ಇರುವುದು ಈ ಬೆಲೆಯ ಅಂತರವೇ.

ಇಷ್ಟಕ್ಕೆ ಲೆಕ್ಕ ಮುಗಿಯುವುದಿಲ್ಲ. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ಮತ್ತು ಗೃಹಜ್ಯೋತಿಯ ಮನೆಗಳಿಗೆ ಬಿಲ್ಲು ಬಾರದಿದ್ದರೂ ಆ ವಿದ್ಯುತ್ತಿಗೆ ಬೆಲೆ ಇದ್ದೇ ಇದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 65ನೆಯ ಸೆಕ್ಷನ್ ಪ್ರಕಾರ ಸರ್ಕಾರ ಆ ಹಣವನ್ನು ವಿತರಣಾ ಕಂಪನಿಗೆ ಮುಂಗಡವಾಗಿ ಕೊಡಬೇಕು. ಅದು ತಡವಾದರೆ ಕಂಪನಿ ಸಾಲ ಮಾಡಿ ವಿದ್ಯುತ್ ಕೊಳ್ಳುತ್ತದೆ, ಬಡ್ಡಿಯ ಹೊರೆ ಎಲ್ಲಿಗೆ ಹೋಗಬೇಕೆಂಬ ವಾದ ರಾಜ್ಯದ ನಿಯಂತ್ರಣ ಆಯೋಗದ ಮುಂದೆ ಬರುತ್ತದೆ. ಒಳ್ಳೆಯ ಕೋರ್ಸು ಇದನ್ನು ಕಲಿಸಬೇಕು.

ಈಗ ಕೋರ್ಸಿನ ಮಾತು. ಇಂಧನ ಉದ್ಯಮಕ್ಕೆಂದೇ ಪದವಿ ಕಲಿಸುವುದರಲ್ಲಿ ನಮ್ಮ ದೇಶದಲ್ಲಿ ಹೆಸರಾದದ್ದು 2003ರಲ್ಲಿ ಡೆಹ್ರಾಡೂನಿನಲ್ಲಿ ಆರಂಭವಾದ ಯುಪಿಇಎಸ್ ಎಂಬ ಖಾಸಗಿ ವಿಶ್ವವಿದ್ಯಾಲಯ. ಅದರ ಶುಲ್ಕ ನಮ್ಮ ಸರ್ಕಾರಿ ಕಾಲೇಜಿನ ಬಿ.ಕಾಂ. ಶುಲ್ಕದೊಡನೆ ಹೋಲಿಸುವಂಥದ್ದಲ್ಲ. ನನ್ನ ಸಲಹೆ ಸ್ಪಷ್ಟವಾಗಿದೆ: ದೂರದ ಊರಿನ ಖರ್ಚಿಗೆಂದು ಮನೆಯವರು ಸಾಲ ಮಾಡಬೇಕಾಗಿದ್ದರೆ, ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಒಂದೇ ಉದ್ಯಮಕ್ಕೆ ಕಟ್ಟುಬೀಳುವ ಪದವಿ ಬೇಡ. ತುಮಕೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಒಳ್ಳೆಯ ಕಾಲೇಜಿನಲ್ಲಿ ಬಿ.ಕಾಂ. ಅಥವಾ ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರವಿರುವ ಪದವಿಗೆ ಸೇರಿ, ಸಂಖ್ಯಾಶಾಸ್ತ್ರವನ್ನು ಯಾವ ಕಾರಣಕ್ಕೂ ಕೈಬಿಡಬೇಡಿ. ವಿದ್ಯುತ್ ವ್ಯವಹಾರವನ್ನು ಅದರ ಮೇಲೆ ಕಟ್ಟಿಕೊಳ್ಳಬಹುದು. ಮುಂದೆ ಎಂಬಿಎ ಮಾಡುವುದಾದರೆ ಫರೀದಾಬಾದಿನ ರಾಷ್ಟ್ರೀಯ ವಿದ್ಯುತ್ ತರಬೇತಿ ಸಂಸ್ಥೆಯಲ್ಲಿ ವಿದ್ಯುತ್ ನಿರ್ವಹಣೆಗೆಂದೇ ಒಂದು ಎಂಬಿಎ ಇದೆ. ಒಂದು ಎಚ್ಚರಿಕೆಯನ್ನೂ ಹೇಳಬೇಕು: ಕೇಂದ್ರದ ಇಂಧನ ದಕ್ಷತಾ ಬ್ಯೂರೊ ನಡೆಸುವ ಎನರ್ಜಿ ಮ್ಯಾನೇಜರ್, ಎನರ್ಜಿ ಆಡಿಟರ್ ಪರೀಕ್ಷೆಗಳಿಗೆ ತಾಂತ್ರಿಕ ಅಥವಾ ವಿಜ್ಞಾನದ ಓದು ಬೇಕು, ವಾಣಿಜ್ಯ ಪದವಿಯೊಂದೇ ಸಾಲದು. ಬಿಬಿಎ ಮುಗಿಸಿದರೆ ಆಡಿಟರ್ ಆಗಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಪದವಿಗೆ ಸೇರುವವರೆಗೂ ಕಾಯಬೇಕಿಲ್ಲ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ಆದೇಶಗಳು ಎಲ್ಲರಿಗೂ ತೆರೆದಿರುವ ದಾಖಲೆಗಳು. ಬೆಸ್ಕಾಂ ಯಾವ ಮೂಲದಿಂದ ಎಷ್ಟು ವಿದ್ಯುತ್ತನ್ನು ಯಾವ ದರಕ್ಕೆ ಕೊಳ್ಳುತ್ತದೆ ಎಂಬ ಕೋಷ್ಟಕ ಅವುಗಳಲ್ಲಿ ಇರುತ್ತದೆ. ಮೊದಲ ಓದಿಗೆ ಅರ್ಥವಾಗದಿದ್ದರೆ ಎದೆಗುಂದದೆ, ಆ ಕೋಷ್ಟಕವೊಂದನ್ನೇ ಹಿಡಿದು ನಿಮ್ಮ ಲೆಕ್ಕಶಾಸ್ತ್ರದ ಮೇಷ್ಟ್ರ ಜೊತೆ ಕುಳಿತು ನೋಡಿ. ದರ ಪರಿಷ್ಕರಣೆಯ ಅರ್ಜಿ ಬಂದಾಗ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾವ ಬಳಕೆದಾರರೂ ಆಕ್ಷೇಪಣೆ ಸಲ್ಲಿಸಿ ಮಾತನಾಡಬಹುದು. ನಿಮ್ಮ ತಂದೆಯವರ ಜೊತೆ ಒಮ್ಮೆ ಹೋಗಿ ಕುಳಿತು ಬನ್ನಿ.

ಪ್ರಶ್ನೆ: ನನ್ನ ಮಗನಿಗೆ ತೈಲ ಮತ್ತು ಅನಿಲ ವಿಷಯದ ಬಿಬಿಎ ಸೀಟು ಸಿಕ್ಕಿದೆ. ವಾಹನಗಳೆಲ್ಲ ಬ್ಯಾಟರಿಗೆ ತಿರುಗುತ್ತಿರುವಾಗ ಪೆಟ್ರೋಲಿನ ವ್ಯಾಪಾರ ಓದಿ ಪ್ರಯೋಜನವಿದೆಯೇ? ಶುಲ್ಕಕ್ಕೆ ಶಿಕ್ಷಣ ಸಾಲ ತೆಗೆಯಬೇಕಾಗುತ್ತದೆ.
— ತಂದೆ, ಸುರತ್ಕಲ್

ಉತ್ತರ: ನಿಮ್ಮ ಮನೆಯ ಸುತ್ತಮುತ್ತಲೇ ಈ ಪ್ರಶ್ನೆಗೆ ಒಂದಿಷ್ಟು ಉತ್ತರವಿದೆ. ವರ್ಷಕ್ಕೆ 150 ಲಕ್ಷ ಟನ್ ಕಚ್ಚಾತೈಲ ಸಂಸ್ಕರಿಸುವ ಎಂಆರ್‌ಪಿಎಲ್, ಮಂಗಳೂರಿನಲ್ಲಿ 15 ಲಕ್ಷ ಟನ್ ಮತ್ತು ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲವನ್ನು ಆಪತ್ಕಾಲಕ್ಕೆಂದು ಕೂಡಿಡುವ ಭೂಗತ ಗುಹೆಗಳು, 2021ರಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಅನಿಲ ಕೊಳವೆ, ಇವು ಯಾವುವೂ ನಾಳೆಯೇ ಮುಚ್ಚುವಂಥವಲ್ಲ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ 85ಕ್ಕೂ ಹೆಚ್ಚು ಹೊರಗಿನಿಂದಲೇ ಬರುತ್ತದೆ. ವ್ಯಾಪಾರದ ಸ್ವರೂಪ ಮಾತ್ರ ಬದಲಾಗುತ್ತಿದೆ. ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಬೆರೆಸುವ ಮಟ್ಟವನ್ನು ದೇಶ 2025ರಲ್ಲಿ ಮುಟ್ಟಿದ ಮೇಲೆ ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳೂ ಇಂಧನ ಮಾರುಕಟ್ಟೆಯ ಭಾಗವೇ ಆಗಿವೆ.

ಆದ್ದರಿಂದ ನನ್ನ ಅಳುಕು ತೈಲದ ಭವಿಷ್ಯದ ಬಗ್ಗೆ ಅಲ್ಲ, ಸಾಲದ ಬಗ್ಗೆ. ಸರ್ಕಾರಿ ತೈಲ ಕಂಪನಿಗಳ ಅಧಿಕಾರಿ ಹುದ್ದೆಗಳಿಗೆ ಬಹುಮಟ್ಟಿಗೆ ಇಂಜಿನಿಯರಿಂಗ್, ಸಿಎ ಅಥವಾ ಎಂಬಿಎ ಕೇಳುತ್ತಾರೆ. ಬಿಬಿಎ ಮುಗಿಸಿದೊಡನೆ ಆ ಬಾಗಿಲು ತೆರೆಯುತ್ತದೆಂಬ ಭರವಸೆಯ ಮೇಲೆ ಸಾಲ ಮಾಡಬೇಡಿ. ಹಿಂದಿನ ಮೂರು ತಂಡಗಳ ವಿದ್ಯಾರ್ಥಿಗಳು ಯಾವ ಕಂಪನಿಯಲ್ಲಿ, ಯಾವ ಹುದ್ದೆಯಲ್ಲಿ ಇದ್ದಾರೆಂಬ ಪಟ್ಟಿಯನ್ನು ಕಾಲೇಜಿನಿಂದ ಬರಹದಲ್ಲಿ ಪಡೆಯಿರಿ. ‘ಗರಿಷ್ಠ ಸಂಬಳ’ ಎಂಬ ಜಾಹೀರಾತಿನ ಅಂಕಿ ಲೆಕ್ಕಕ್ಕೆ ಬೇಡ, ನಡುವಿನ ವಿದ್ಯಾರ್ಥಿಗೆ ಏನು ಸಿಕ್ಕಿತೆಂದು ಕೇಳಿ. ಪಠ್ಯಕ್ರಮದಲ್ಲಿ ಅನಿಲ ಖರೀದಿ ಒಪ್ಪಂದ, ಹಡಗು ಸಾಗಣೆ, ವಿದ್ಯುತ್ ಮಾರುಕಟ್ಟೆ, ಇಂಗಾಲದ ವಹಿವಾಟು ಇದ್ದರೆ ಆ ಪದವಿ ತೈಲದಾಚೆಗೂ ಕೆಲಸಕ್ಕೆ ಬರುತ್ತದೆ. ಇಂಧನ ಎಂಬ ಹೆಸರು ಹೊತ್ತು ಒಳಗೆ ಬರೀ ಸಾಮಾನ್ಯ ಮಾರ್ಕೆಟಿಂಗ್ ಇದ್ದರೆ ಅದನ್ನು ಊರಲ್ಲಿಯೇ ಓದಬಹುದು.

ಪ್ರಶ್ನೆ: ನಾವು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ನೆಲೆಸಿದ್ದೇವೆ. ಮಗಳು ಓಕ್ಲಹೋಮ ವಿಶ್ವವಿದ್ಯಾಲಯದಲ್ಲಿ ಎನರ್ಜಿ ಮ್ಯಾನೇಜ್‌ಮೆಂಟ್ ಪದವಿ ಓದಿ, ಮುಂದೆ ಬೆಂಗಳೂರಿನಲ್ಲಿ ಕೆಲಸ ಮಾಡುವ ಇಚ್ಛೆ ಹೊಂದಿದ್ದಾಳೆ. ಆ ಓದು ಅಲ್ಲಿಗೆ ಹೊಂದುತ್ತದೆಯೇ?
— ಓದುಗರು, ಡಲ್ಲಾಸ್

ಉತ್ತರ: ಒಂದು ಭಾಗ ಹೊಂದುತ್ತದೆ, ಇನ್ನೊಂದು ಹೊಂದುವುದಿಲ್ಲ. ಅಮೆರಿಕದಲ್ಲಿ ನೆಲದ ಒಡೆಯನಿಗೇ ಕೆಳಗಿನ ತೈಲದ ಹಕ್ಕೂ ಇರಬಹುದು, ಅದನ್ನು ನೆಲದಿಂದ ಬೇರ್ಪಡಿಸಿ ಮಾರಬಹುದು, ಮಕ್ಕಳಿಗೆ ಪಾಲು ಮಾಡಬಹುದು. ಹಳೆಯ ಪತ್ರಗಳನ್ನು ಶೋಧಿಸಿ ಹಕ್ಕುದಾರರನ್ನು ಪತ್ತೆ ಮಾಡಿ ಗುತ್ತಿಗೆ ಬರೆಸುವ ‘ಲ್ಯಾಂಡ್‌ಮನ್’ ಎಂಬ ವೃತ್ತಿ ಹುಟ್ಟಿದ್ದು ಇದರಿಂದ, ಓಕ್ಲಹೋಮದ ಆ ಪದವಿ ಬೆಳೆದದ್ದು ಆ ವೃತ್ತಿಗಾಗಿ. ಭಾರತದಲ್ಲಿ ತೈಲ ತೆಗೆಯುವ ಪರವಾನಗಿ ಕೊಡುವುದೂ ರಾಯಧನ ಪಡೆಯುವುದೂ ಸರ್ಕಾರ. ಪಠ್ಯದ ಆ ಭಾಗ ಇಲ್ಲಿ ನೇರವಾಗಿ ಉಪಯೋಗಕ್ಕೆ ಬಾರದು. ಆದರೆ ಪತ್ರ ಶೋಧಿಸುವ ಕೌಶಲಕ್ಕೆ ಇಲ್ಲಿಯೂ ಕೆಲಸವಿದೆ. ಸೌರ, ಗಾಳಿ ಸ್ಥಾವರಗಳಿಗೆ ಜಮೀನು ಹುಡುಕುವವರು ಪಹಣಿ, ಮ್ಯುಟೇಶನ್, ಪೋಡಿ, ವಂಶವೃಕ್ಷಗಳನ್ನು ಒಂದಕ್ಕೊಂದು ತಾಳೆ ನೋಡಲೇಬೇಕು, ಆ ದಾಖಲೆಗಳಿರುವುದು ಕನ್ನಡದಲ್ಲಿ. ಮಗಳಿಗೆ ಕನ್ನಡ ಓದಲು ಬರೆಯಲು ಬರುವಂತೆ ಈಗಲೇ ನೋಡಿಕೊಳ್ಳಿ.

ಹೊಂದುವ ಭಾಗವೆಂದರೆ ವಿದ್ಯುತ್ ಮಾರುಕಟ್ಟೆ. ನೀವಿರುವ ಟೆಕ್ಸಾಸಿನಲ್ಲಿಯೇ 2021ರ ಫೆಬ್ರುವರಿಯ ಹಿಮಗಾಳಿಯಲ್ಲಿ ಸಗಟು ಬೆಲೆ ಮೆಗಾವಾಟ್-ಗಂಟೆಗೆ 9,000 ಡಾಲರ್, ಅಂದರೆ ಯುನಿಟ್ಟಿಗೆ 9 ಡಾಲರ್ ಮುಟ್ಟಿ ದಿನಗಟ್ಟಲೆ ಅಲ್ಲಿಯೇ ನಿಂತಿತು. ಬೆಲೆಗೆ ಗರಿಷ್ಠ ಮಿತಿ ಎಷ್ಟಿರಬೇಕು, ಬರಲಿರುವ ಕೊರತೆಯ ಅಪಾಯವನ್ನು ಯಾರು ಹೊರಬೇಕು ಎಂಬ ಪ್ರಶ್ನೆ ಎರಡೂ ದೇಶಗಳಿಗೆ ಸಮಾನವಾದದ್ದು. ಐಚ್ಛಿಕ ವಿಷಯ ಆರಿಸುವಾಗ ವಿದ್ಯುತ್ ಮಾರುಕಟ್ಟೆ, ದರ ನಿಯಂತ್ರಣ, ಒಪ್ಪಂದ ಕಾನೂನು, ಹಣಕಾಸಿನ ಅಪಾಯ ನಿರ್ವಹಣೆ ಇವುಗಳಿಗೆ ಮೊದಲ ಸ್ಥಾನ ಕೊಡಲಿ. ಒಂದು ಬೇಸಿಗೆ ರಜೆಯನ್ನಾದರೂ ಬೆಂಗಳೂರಿನ ಯಾವುದಾದರೂ ನವೀಕರಿಸಬಹುದಾದ ಇಂಧನ ಕಂಪನಿಯಲ್ಲಿ ತರಬೇತಿಗೆ ಮೀಸಲಿಟ್ಟರೆ, ಅಲ್ಲಿ ಕಲಿತ ಯಾವುದು ಇಲ್ಲಿ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದು ಪದವಿ ಮುಗಿಯುವ ಮುನ್ನವೇ ಅವಳಿಗೆ ಗೊತ್ತಾಗುತ್ತದೆ.