ದಿನಾ ಪಾರ್ಕ್‌ನಲ್ಲಿ ನಡೆದರೂ ಊರು ಬಿಟ್ಟ ಖಾಲಿತನ ಹೋಗದಿದ್ದರೆ

ಕೊರತೆ ಇರುವುದು ಬಹುಶಃ ಹಸಿರಲ್ಲಿ ಕಳೆಯುವ ಸಮಯದ್ದಲ್ಲ, ಅದರೊಂದಿಗಿನ ಒಡನಾಟದ್ದು. ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಬಂದ ಮೇಲೆ ದಿನಾ ಅರ್ಧ ಗಂಟೆ ಇಯರ್‌ಫೋನ್ ಹಾಕಿಕೊಂಡು ಪಾರ್ಕ್‌ನಲ್ಲಿ ನಡೆಯುತ್ತೀರಿ, ಆದರೂ ‘ನಾನು ನಾನಾಗಿಲ್ಲ’ ಅನ್ನಿಸುತ್ತದೆ ಎಂದಿದ್ದೀರಿ. ಇಂಗ್ಲೆಂಡಿನ ಸುಮಾರು 20,000 ಜನರ ಅಧ್ಯಯನವೊಂದು (2019) ವಾರಕ್ಕೆ 120 ನಿಮಿಷ ಹಸಿರಲ್ಲಿ ಕಳೆಯುವವರಲ್ಲಿ ಹೆಚ್ಚು ನೆಮ್ಮದಿ ಕಂಡಿತ್ತು. ಅಷ್ಟನ್ನು ನೀವು ಆಗಲೇ ದಾಟಿದ್ದೀರಿ. ಊರಲ್ಲಿ ಯಾವ ಮರ ಯಾವಾಗ ಚಿಗುರುತ್ತದೆಂದು ಗೊತ್ತಿತ್ತು, ಇಲ್ಲಿ ಹಾಗೆ ಗೊತ್ತಿರುವ ಮರ ಒಂದೂ ಇಲ್ಲ.

ಮೊದಲು ಮನೆಯಿಂದ ಎರಡು ನಿಮಿಷದೊಳಗೆ ಸಿಗುವ ಒಂದೇ ಮರ ಆರಿಸಿ. ದೂರದ್ದಾದರೆ ಮೂರನೇ ವಾರಕ್ಕೆ ಬಿಟ್ಟುಹೋಗುತ್ತದೆ. ಹೊಂಗೆ ಒಳ್ಳೆಯದು: ಬೇಸಿಗೆಯ ಮುಂಚೆ ಎಲೆ ಉದುರಿಸಿ, ಬೇಗನೆ ತಿಳಿಹಸಿರು ಚಿಗುರು ತಳೆದು, ನಸುನೇರಳೆ ಹೂವನ್ನು ನೆಲಕ್ಕೆ ಚೆಲ್ಲುತ್ತದೆ. ಎಲೆ ಮೇಲೆ ಬೆರಳಿನಂಥ ಸಣ್ಣ ಗಂಟುಗಳಿದ್ದರೆ ಗಾಬರಿ ಬೇಡ, ಅದು ನುಸಿ ಎಂಬ ಅತಿ ಸಣ್ಣ ಜೀವಿಯ ಕೆಲಸ.

ವಾರಕ್ಕೊಮ್ಮೆ, ಅದೇ ದಿನ, ಹತ್ತು ನಿಮಿಷ. ಫೋನ್ ಜೇಬಲ್ಲಿರಲಿ, ಫೋಟೋ ತೆಗೆಯಹೊರಟರೆ ಗಮನ ಮರದಿಂದ ಪರದೆಗೆ ಹೋಗುತ್ತದೆ. ಚಿಗುರು, ಮೊಗ್ಗು, ಹೂ, ಕಾಯಿ ಇವು ಇಲ್ಲವೋ, ಸ್ವಲ್ಪವೋ, ಬಹಳವೋ ಎಂದು ಬರೆದಿಡಿ. ಜೊತೆಗೆ ಹಿಡಿಸಿದ್ದೊಂದು ಸಾಲು. ಬೇಸಿಗೆಯಲ್ಲಿ ಬುಡಕ್ಕೆ ಒಂದು ಬಕೆಟ್ ನೀರು ಹಾಕಿ. ಪ್ರಕೃತಿಯೊಂದಿಗಿನ ನಂಟು ಬೆಳೆಯುವುದರಲ್ಲಿ ಇಂಥ ಕಾಳಜಿಗೂ ಪಾಲಿದೆ ಎನ್ನುತ್ತದೆ ಇಂಗ್ಲೆಂಡಿನ ಡರ್ಬಿ ವಿಶ್ವವಿದ್ಯಾಲಯದ ಸಂಶೋಧನೆ.

ಎಲ್ಲರಿಗೂ ಇದು ಒಂದೇ ವೇಗದಲ್ಲಿ ಫಲಿಸುವುದಿಲ್ಲ, ಒಂದು ಋತು ಕಳೆಯುವವರೆಗಾದರೂ ಬಿಡಬೇಡಿ. ಆದರೆ ನಿದ್ದೆ, ಹಸಿವು ಎರಡು ವಾರದಿಂದ ಕೆಟ್ಟಿದ್ದರೆ ಮರಕ್ಕಾಗಿ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.