ಹೆಸರಿನಿಂದ ಶುರುಮಾಡಿ, ವರ್ಣಮಾಲೆ ಆಮೇಲೆ

ಮೇಡಂ, ಮೂಡಿಗೆರೆಯ ಕಾಫಿ ತೋಟದ ಲೈನ್ ಮನೆಗಳ, ಅಂದರೆ ಕೂಲಿಯವರ ಸಾಲುಮನೆಗಳ ಮಹಿಳೆಯರಿಗೆ ಓದುಬರಹ ಕಲಿಸಲು ನೀವು ಶುರುಮಾಡಿದ ಸಂಜೆ ತರಗತಿಯ ಪಟ ನೋಡಿದೆ. ಬೋರ್ಡಿನ ತುಂಬ ಇಡೀ ವರ್ಣಮಾಲೆ! ಎರಡನೇ ವಾರಕ್ಕೇ ಅರ್ಧ ಜನ ಬರುತ್ತಿಲ್ಲ, ಅವರಿಗೆ ಆಸಕ್ತಿಯೇ ಇಲ್ಲ ಎಂದಿದ್ದೀರಿ. ಆಸಕ್ತಿ ಇಲ್ಲದವರು ದಿನವಿಡೀ ಹಣ್ಣು ಕೊಯ್ದು ಬಂದು ಮೊದಲ ವಾರ ತಾನೇ ಯಾಕೆ ಕೂರುತ್ತಿದ್ದರು? ಸಕಲೇಶಪುರದ ಕಡೆ ನಾವೂ ಇದೇ ಬೋರ್ಡು ಬರೆದು ಇದೇ ದೂರು ಹೇಳಿದವರು. ಙ, ಞ ಕಟ್ಟಿಕೊಂಡು ಅವರಿಗೆ ಆಗಬೇಕಾದ್ದೇನು?

ಹೆಸರಿನಿಂದ ಹಿಡಿಯಿರಿ. ಪುಟ್ಟಮ್ಮ, ಜವರಮ್ಮ, ರತ್ನಮ್ಮ, ಕಾಳಮ್ಮ: ನಮ್ಮ ಕಡೆ ಹೆಚ್ಚಿನ ಹೆಸರು 'ಮ್ಮ'ದಲ್ಲೇ ಮುಗಿಯುತ್ತದೆ. ಒತ್ತಕ್ಷರ ಕಷ್ಟ, ಕೊನೆಗೆ ಕಲಿಸಿ ಎನ್ನುವವರ ಮಾತು ಕೇಳಬೇಡಿ. ಮೊದಲ ಸಂಜೆಯೇ 'ಅಮ್ಮ' ಎಂದು ಬರೆದು, ಪ್ರತಿಯೊಬ್ಬರ ಹೆಸರಿನ ರಟ್ಟಿನ ಚೀಟಿ ಕೊಟ್ಟು, 'ಮ್ಮ' ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿ. ತಮ್ಮದರಲ್ಲಿ ಸಿಕ್ಕ ಕೂಡಲೇ ಪಕ್ಕದವರ ಚೀಟಿಗೆ ಇಣುಕುತ್ತಾರೆ. ಚಿಕ್ಕಮ್ಮ, ದೊಡ್ಡಮ್ಮ ಹಿಂದೆಯೇ ಬರುತ್ತದೆ. ಆಮೇಲೆ ಚೀಟಿಯನ್ನು ಅಕ್ಷರ ಅಕ್ಷರವಾಗಿ ಕತ್ತರಿಸಿ, ಕಲಸಿ, ಮತ್ತೆ ಜೋಡಿಸಲು ಬಿಡಿ. ಈ ಕತ್ತರಿ ಕೆಲಸ ಮಾತ್ರ ಬಿಡಲೇಬೇಡಿ. ಸಹಿ ಬರುತ್ತದೆ ಎನ್ನುವ ಎಷ್ಟೋ ಮಂದಿ ಹೆಸರನ್ನು ರಂಗೋಲಿಯಂತೆ ಇಡಿಯಾಗಿ ಎಳೆಯುತ್ತಾರೆ; ಅದರೊಳಗಿನ 'ರ' ತೋರಿಸಿ ಎಂದರೆ ತಬ್ಬಿಬ್ಬು. ಲಕ್ಷ್ಮಮ್ಮ ಇದ್ದರೆ 'ಕ್ಷ್ಮ' ಸದ್ಯಕ್ಕೆ ಹಾಗೇ ಇರಲಿ, ಒಡೆಯಲು ಹೋಗಬೇಡಿ. ಗಂಡಸರ ಗುಂಪಾದರೆ 'ಪ್ಪ', 'ಯ್ಯ', 'ಗೌಡ'. ಅಸ್ಸಾಮಿನಿಂದ ಬಂದವರಿಗೆ ಇದು ನಡೆಯದು. ಅವರಿಗೆ ಮೊದಲು ಮಾತಿನ ಕನ್ನಡ, ಬೇರೆ ಗುಂಪು.

ಹೆಸರು ದಾಟಿದ ಮೇಲೆ, ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಕಲಿಸುವ ನಲಿ-ಕಲಿಯ ರ, ಗ, ಸ, ದ, ಅ ಕ್ರಮ. ಐದೇ ಅಕ್ಷರಕ್ಕೆ ಸರ, ದರ, ಅಗಸ, ಗರಗಸ ಓದಬಹುದು. ಆದರೆ ಮಕ್ಕಳ ಪದ್ಯ ಬೇಡ, ಬಸ್ಸಿನ ಬೋರ್ಡು ಓದಿಸಿ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಟಿಕೆಟ್ಟಿನ ಚಿಂತೆ ಹೋಯಿತು, ಇದು ಎಲ್ಲಿಗೆ ಹೋಗುವ ಬಸ್ ಎಂದು ಕಂಡವರನ್ನೆಲ್ಲ ಕೇಳುವುದು ತಪ್ಪಲಿಲ್ಲ. 'ಹಾಸನ' ಎಷ್ಟು ಸಲೀಸು ನೋಡಿ. ಬೇಲೂರು, ಆಲೂರು ಒಂದರ ಕೆಳಗೊಂದು ಬರೆದರೆ ಮೊದಲ ಅಕ್ಷರ ನೋಡಿದರೆ ಸಾಕು.

ಲೆಕ್ಕಕ್ಕೆ ಮಗ್ಗಿ ಬಾಯಿಪಾಠ ಬೇಡ. ಕೊಯ್ದ ಕೆಜಿಗೆ ಎಷ್ಟು ಬರಬೇಕು ಎಂದು ತೋಟದ ಲೆಕ್ಕ ಬರೆಯುವ ರೈಟರಿಗಿಂತ ಮುಂಚೆ ಹೇಳುವವರು ಅವರು. ಕೂಲಿಯ ಬಟವಾಡೆ ಚೀಟಿ ತರಿಸಿ, ಬರೆಯುವ ರೀತಿ ತೋರಿಸಿದರಾಯಿತು. ವಯಸ್ಕರ ಸಾಕ್ಷರತೆಗೆ ಸರ್ಕಾರ ನಡೆಸುವ ಉಲ್ಲಾಸ್ ಪರೀಕ್ಷೆಯ 150 ಅಂಕದಲ್ಲಿ ಓದು, ಬರಹ, ಲೆಕ್ಕಕ್ಕೆ ತಲಾ 50, ಹಾಗಾಗಿ ಲೆಕ್ಕ ಬಿಡುವಂತಿಲ್ಲ.

ಅರೇಬಿಕಾ ಕೊಯ್ಲಿನ ನಡುವೆ ದಿನಾ ತರಗತಿ ಇಟ್ಟವರು ಯಾರು? ಅದರ ಹಿಂದೆ ಬರುವ ರೊಬಸ್ಟಾ ಕಾಫಿಯ ಕೊಯ್ಲೂ ಮುಗಿಯುವ ತನಕ ವಾರಕ್ಕೆ ಎರಡೇ ದಿನ, ಮುಕ್ಕಾಲು ಗಂಟೆ. ಸಂತೆ ದಿನ, ಬಟವಾಡೆ ದಿನ ಬೇಡ.

ಪಟದಲ್ಲಿ ಕಾಲೇಜು ಹುಡುಗನೊಬ್ಬ ಸ್ಕೇಲ್ ಹಿಡಿದು ನಿಂತಿದ್ದಾನೆ. ಅದನ್ನು ಮೊದಲು ಕಸಿದುಕೊಳ್ಳಿ. ಅಕ್ಕ, ಅತ್ತೆ ಎಂದು ಕರೆದು ಪಕ್ಕದಲ್ಲಿ ಕೂರಲಿ. ಕೆಂಪು ಶಾಯಿ ಬೇಡವೇ ಬೇಡ. ಕಾಲೇಜಿನವರು ಪರೀಕ್ಷೆ ಬಂದರೆ ನಾಪತ್ತೆ. ಎಸ್ಎಸ್ಎಲ್‌ಸಿ ಓದಿದ ಸೊಸೆಯಂದಿರನ್ನು ಒಪ್ಪಿಸಿ. ಆದರೆ ಅತ್ತೆಗೆ ಸ್ವಂತ ಸೊಸೆಯನ್ನು ಹಾಕಬೇಡಿ, ಯಾಕೆಂದು ವಿವರಿಸಬೇಕಾಗಿಲ್ಲ.

ಸ್ಲೇಟ್ ಕೊಡಬೇಕೇ ಎಂದು ಕೇಳಿದ್ದೀರಿ. ಬೇಡ, ಅಳಿಸಿದ್ದನ್ನು ಮನೆಯಲ್ಲಿ ತೋರಿಸಲಾಗದು. ಅಗಲ ಗೆರೆಯ ನೋಟ್‌ಬುಕ್ ಕೊಡಿ. ಪೆನ್ಸಿಲ್ ಅಪ್ಸರಾ ಪ್ಲಾಟಿನಂ ಇರಲಿ. ನಟರಾಜ್ ಕೂಡ ಅದೇ ಕಂಪನಿಯದು, ಆದರೆ ಮಂದ ಬೆಳಕಿಗೆ ನನಗೆ ಅದರ ಗೆರೆ ತೆಳುವೆನಿಸುತ್ತದೆ. ಇದಕ್ಕೂ ಮೊದಲು ಕಣ್ಣು ನೋಡಿಸಿ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಸಹಜ; ತಲೆಗೆ ಹತ್ತುವುದಿಲ್ಲ ಎಂದು ಎದ್ದುಹೋಗುವ ಹಲವರಿಗೆ ಅಕ್ಷರವೇ ಕಾಣುತ್ತಿರುವುದಿಲ್ಲ. ಸಂತೆಯ ಕನ್ನಡಕವೂ ಸದ್ಯಕ್ಕೆ ಆಗುತ್ತದೆ, ಆದರೆ ಸಕ್ಕರೆ ಕಾಯಿಲೆ ಇರುವವರನ್ನು ಕಣ್ಣಿನ ವೈದ್ಯರ ಹತ್ತಿರವೇ ಕರೆದುಕೊಂಡು ಹೋಗಿ.